ಸಾರಿಸಿದ ಅಂಗಳದಲ್ಲಿ ಸ್ಟೇರಿಂಗ್ ಎಣ್ಣೆ

೧
ಯಾವ ಕಡೆಯಿಂದ ಹೊರಡಲಿ? ಜಾಣ ಕಥೆಗಾರ ತಿರುವಿನಿಂದಲೇ ಹೊರಡುತ್ತಾನೆ: ತಿಕೋಂಡಿ ಊರು ದಾಟಿದ ಮೇಲೆ ತಿರುವಿನ ಅಂಚಿಗೇ ಇರುವ ಬಾವಿ, ಗಾಡಿಯಲ್ಲಿ ಶಾಲೆಯ ಹನ್ನೊಂದು ಹುಡುಗಿಯರು, ಡ್ರೈವರ್ ಶಿವಶರಣನ ಕೈಯಲ್ಲಿ ಒಮ್ಮೆಲೇ ಬಿಗಿದ ಸ್ಟೇರಿಂಗ್. ಹಾಗೇ ಬರೆದೆ. ಹರಿದು ಹಾಕಿದೆ. ಹನ್ನೊಂದು ಹುಡುಗಿಯರಲ್ಲಿ ಒಬ್ಬಳು ಅವನ ಮಗಳು ನಂದಾ.

ಆದದ್ದು ಇಷ್ಟು. ಮೊನ್ನೆ ಆ ತಿರುವಿನಲ್ಲಿ ಶಿವಶರಣ ಎರಡೂ ಕೈಯಿಂದ ಜಗ್ಗಿ ಹೇಗೋ ಪಾರಾದ. ಯಾರಿಗೂ ಹೇಳಲಿಲ್ಲ.

೨
(ಪವರ್ ಸ್ಟೇರಿಂಗ್ ಎಂದರೆ ಗಾಲಿ ತಿರುಗಿಸಲು ಎಣ್ಣೆ ಕೊಡುವ ಕೈಸಹಾಯ. ಎಣ್ಣೆ ಹೋದರೆ ಸಹಾಯವೂ ಹೋಯಿತು. ನನಗೆ ಗೊತ್ತಿರುವುದೂ ಅಷ್ಟೇ.)

ಈಗ ಮಧ್ಯಾಹ್ನ ಎರಡೂವರೆ. ನಾಲ್ಕೂವರೆಗೆ ಶಾಲೆ ಬಿಡುತ್ತದೆ. ಇಪ್ಪತ್ತು ವರ್ಷದ ಗಾಡಿ ಮನೆಯಂಗಳದಲ್ಲಿದೆ, ಅದರ ಕೆಳಗೆ ಮಿಸ್ತ್ರಿ ಸೋಮನಿಂಗಪ್ಪ ಮಲಗಿದ್ದಾನೆ.

"ವಾರಕ್ಕೊಂದ ಬಾಟ್ಲಿ ಎಣ್ಣಿ ಹಾಕ್ತೀನಿ ಕಾಕಾ," ಎಂದ ಶಿವಶರಣ. "ಆದ್ರ ನೆಲದ ಮ್ಯಾಲ ಒಂದ ಹನಿ ಕಂಡಿಲ್ಲ."

"ಗಾಳ್ಯಾಗ ಹಾರಿ ಹೋಗ್ತದೇನು? ಗಾಡಿ ಎಲ್ಲಿ ನಿಲ್ಲಸ್ತಿ?"

"ಇಲ್ಲೇ, ದಿನಾ."

"ಈ ನೆಲಾ ಯಾರು ಸಾರಸ್ತಾರ?"

ಹೊಸ್ತಿಲಲ್ಲಿ ಕುಳಿತಿದ್ದ ಶಿವಶರಣನ ತಾಯಿ ರುಕ್ಮವ್ವ ತಲೆ ಎತ್ತಲಿಲ್ಲ. "ನಾನ. ಬೆಳಕ ಹರಿಯೂದ್ರಾಗ ಸಗಣಿ ಹಾಕಿ ಸಾರಸ್ತೀನಿ. ದಿನಾ ಮುಂದಿನ ಗಾಲಿ ಕಡೆ ಎಣ್ಣಿ ಬಿದ್ದಿರ್ತಿತ್ತು. ಗಾಡಿ ಅಂದಮ್ಯಾಲ ಸೋರೂದ ಅಂತ ತಿಳದು ಸಾರಿಸಿಬಿಡ್ತಿದ್ನಿ."

"ಎಷ್ಟ ದಿನದಿಂದ ಯವ್ವಾ?" ಎಂದ ಸೋಮನಿಂಗಪ್ಪ.

"ಬ್ಯಾಸಿಗಿಯಿಂದ."

ಶಿವಶರಣನಿಗೆ ತಾಯಿಯ ಮೇಲೆ ಸಿಟ್ಟು ಬಂತು. ತಾನು ಏಳುವುದೇ ಏಳು ಗಂಟೆಗೆ ಎಂಬುದು ನೆನಪಾಗಿ ಸಿಟ್ಟು ತನ್ನ ಮೇಲೆಯೇ ತಿರುಗಿತು.

೩
ಮುದುಕಿಯ ಮೇಲೆ ಯಾಕೆ ತಪ್ಪು ಹೊರಿಸಬೇಕು ಎಂದು ರುಕ್ಮವ್ವನನ್ನು ಕಥೆಯಿಂದಲೇ ಅಳಿಸಿಹಾಕಲು ಹೊರಟೆ. ಅವಳು ನನ್ನ ಕಡೆ ತಿರುಗಿದಳು. "ತಪ್ಪ ಮಾಡಿದಾಕಿ ನಾ ಇಲ್ಲೇ ಅದೀನಿ. ನೀ ಸುಮ್ನ ಕುಂದ್ರು."

(ಕುಳಿತೆ.)

ಸೋಮನಿಂಗಪ್ಪ ಪೈಪುಗಳನ್ನೆಲ್ಲ ತೊಳೆದು ಒರೆಸಿ ಒಣಗಿಸಿದ. "ಬಿಳಿ ಪುಡಿ ಏನರ ಅದ ಏನು? ಪುಡಿ ಎಲ್ಲಿ ತೊಯ್ತದೋ ಅಲ್ಲೇ ಸೋರಕಿ."

ರುಕ್ಮವ್ವ ದೇವರ ಮಾಡದಿಂದ ವಿಭೂತಿ ಗಟ್ಟಿ ತಂದು ಕುಟ್ಟಿ ಪುಡಿ ಮಾಡಿದಳು.

"ಗಾಡಿ ಕೆಳಗ ವಿಭೂತಿ ಹಾಕತಾರೇನು ಯವ್ವಾ?" ಎಂದ ಸೋಮನಿಂಗಪ್ಪ.

"ಮೊಮ್ಮಗಳು ಕೂಡೂ ಗಾಡಿ. ಹಾಕ್ರಿ."

ಸೋಮನಿಂಗಪ್ಪ ಪೈಪುಗಳಿಗೆ ಪುಡಿ ಬಳಿದ. ಇಂಜಿನ್ ಚಾಲೂ ಆಯಿತು. ಶಿವಶರಣ ಸ್ಟೇರಿಂಗನ್ನು ಪೂರಾ ಬಲಕ್ಕೆ ತಿರುಗಿಸಿ ಹಿಡಿದ. ಪಂಪು ನರಳಿತು. ಏನೂ ಕಾಣಲಿಲ್ಲ. ಪೂರಾ ಎಡಕ್ಕೆ ತಿರುಗಿಸಿದ.

"ಹಿಡಿ," ಎಂದ ಕೆಳಗಿನಿಂದ ಸೋಮನಿಂಗಪ್ಪ. "ಇನ್ನಷ್ಟ ಹಿಡಿ. ಬಂದ್ ಮಾಡು."

ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಒದ್ದೆ ಗೆರೆ ಎದ್ದಿತ್ತು. ಕ್ಲಿಪ್ಪಿನ ಅಡಿಯಲ್ಲಿ ಪೈಪು ಸೀಳಿತ್ತು. "ಪೂರಾ ತಿರಗಿಸಿದಾಗ ಅಷ್ಟ ಬಾಯಿ ಬಿಡ್ತದ. ಅಂಗಳಕ್ಕ ಗಾಡಿ ತರೂವಾಗ ತಿರಗಸ್ತಿ, ತಿರುವಿನ್ಯಾಗ ತಿರಗಸ್ತಿ. ಹೊಸಾ ಪೈಪ್ ಜತ್ತ ಪ್ಯಾಟಿಯಿಂದ ನಾಳಿಗೆ ಬರತದ."

"ಇವತ್ತೊಂದ ದಿನ ಎಣ್ಣಿ ತುಂಬಿ ಹೋಗಿಬರ್ತೀನಿ ಕಾಕಾ."

"ಪೈಪ್ ಒಡದ್ರ ತುಂಬಿದ್ದೆಲ್ಲಾ ಒಮ್ಮಿಗೇ ಹೋಗ್ತದ. ಹುಡಗ್ಯಾರ ಮನಿಯವ್ರಿಗೆ ಫೋನ್ ಹಚ್ಚು."

ಫೋನ್ ಹಚ್ಚಿದರೆ ಯಾವಾಗಿನಿಂದ ಎಂದು ಕೇಳುತ್ತಾರೆ. ಹೇಳಿದರೆ ನಾಳೆಯಿಂದ ಯಾವ ತಂದೆಯೂ ಅವನ ಗಾಡಿಗೆ ಮಗಳನ್ನು ಹತ್ತಿಸುವುದಿಲ್ಲ.

೪
ಅಂತ್ಯ ಒಂದು: ಎಣ್ಣೆ ತುಂಬಿ ಹೋಗುತ್ತಾನೆ, ಏನೂ ಆಗುವುದಿಲ್ಲ. (ನನಗೆ ಹೆಚ್ಚು ಹೆದರಿಕೆ ಇದರದ್ದೇ. ನಾಳೆಯೂ ಹೋಗುತ್ತಾನೆ.)

ಅಂತ್ಯ ಎರಡು: ಬಾವಿ. (ಸಂಪಾದಕರಿಗೆ ಹಿಡಿಸಬಹುದು. ನನ್ನ ಕೈಯಿಂದ ಆಗದು.)

"ಸಾಹೇಬ್ರ," ಎಂದ ಶಿವಶರಣ ನನಗೆ, "ಗಾಡಿ ಇವತ್ತ ಕೆಟ್ಟದ ಅಂತ ಅಷ್ಟ ಬರೀರಿ. ಮೊನ್ನಿದು ಬ್ಯಾಡ್ರಿ."

"ಬರೆದಾಗಿದೆ. ಇವರೆಲ್ಲ ಓದಿಯೂ ಆಗಿದೆ."

ಅವನು ನಿಮ್ಮ ಕಡೆ ಒಮ್ಮೆ ನೋಡಿದ. ನಾಲ್ಕು ಹೊಡೆಯಲು ಹತ್ತು ನಿಮಿಷ. ಎಡಗೈಯಲ್ಲಿ ಗಾಡಿಯ ಕೀಲಿ ಹಿಡಿದೇ ಬಲಗೈಯಿಂದ ಅಮೋಗಸಿದ್ದನ ನಂಬರು ಒತ್ತಿದ. ಅಮೋಗಸಿದ್ದನ ಇಬ್ಬರು ಹುಡುಗಿಯರು ಈ ಗಾಡಿಯಲ್ಲೇ ಹೋಗಿಬರುತ್ತಾರೆ.

"ಹೇಳೋ ಶರಣೂ. ಇವತ್ತ ಸ್ವಲ್ಪ ತಡಾ ಆದ್ರೂ ನಡೀತದ. ನಿನ್ನ ಗಾಡ್ಯಾಗ ಹುಡಗ್ಯಾರು ಅದಾರಂದ್ರ ನಮಗೇನ ಚಿಂತಿಲ್ಲ."

ಮೂರನೆಯ ಅಂತ್ಯ ನನ್ನ ಹತ್ತಿರ ಸಿದ್ಧವಿದೆ, ಅವನು ಮೊನ್ನೆಯದನ್ನೂ ಹೇಳಿಬಿಡುವ ಎರಡೇ ಸಾಲು. ಬರೆಯುವುದಿಲ್ಲ. ಅವನ ಬಾಯಿಂದ ಬರಬೇಕಾದ ಮಾತನ್ನು ನಾನು ಬರೆದರೆ ಅವನು ಹೇಳಿದಂತಾಗುವುದಿಲ್ಲ.

"ಶರಣೂ," ಎನ್ನುತ್ತಿದ್ದಾನೆ ಅಮೋಗಸಿದ್ದ, "ಕೇಳಸ್ತದೇನು?"