ಖಾಲಿ ಜೋಳಿಗೆಯ ತೂಕ

ನಾನೊಂದು ತೂಕದ ಯಂತ್ರ. ದುಂಡು ಮುಖ, ಒಂದೇ ಮುಳ್ಳು, ಕೆಳಗೊಂದು ಕೊಕ್ಕೆ. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದ ಮುದುಕ ಮಿಸ್ತ್ರಿ ನನ್ನ ತಿರುಪು ತಿರುಗಿಸಿ, ಮುಳ್ಳನ್ನು ಸೊನ್ನೆಗೆ ತಂದು, "ಮೊದಲು ಸೊನ್ನೆ, ಆಮೇಲೆ ಮಾತು" ಎಂದಿದ್ದ. ಅದನ್ನು ನಾನು ಮರೆತಿಲ್ಲ. ಮರೆಸಲು ನೋಡಿದವಳ ಮೇಲಿನ ಸಿಟ್ಟೂ ಆರಿಲ್ಲ.

ಕೊಪ್ಪಳದ ಕಡೆಯ ಒಂದು ಅಂಗನವಾಡಿಯ ತೊಲೆಗೆ ನನ್ನನ್ನು ನೇತುಹಾಕಿದರು. ಅಲ್ಲಿನ ಶಿಕ್ಷಕಿ ದ್ಯಾಮವ್ವ ಕೊಕ್ಕೆಗೆ ಖಾಲಿ ಜೋಳಿಗೆ ಸಿಕ್ಕಿಸಿ, ಮುಳ್ಳನ್ನು ಸೊನ್ನೆಗೆ ತಂದ ಮೇಲೆಯೇ ಅದರಲ್ಲಿ ಮಗುವನ್ನು ಕೂರಿಸುತ್ತಿದ್ದಳು. ತೂಕ ತೀರಾ ಕಡಿಮೆಯಿದ್ದರೆ ಗೋಡೆಯ ಪಟ್ಟಿಯಲ್ಲಿ ಕೆಂಪು ಚುಕ್ಕಿ, ತುಸು ಕಡಿಮೆಯಿದ್ದರೆ ಹಳದಿ. ಕೆಂಪು ಬಿದ್ದ ಮಗುವಿಗೆ ದಿನಾ ಮೊಟ್ಟೆ, ಹಾಲು, ಔಷಧಿ.

ದ್ಯಾಮವ್ವ ನಿವೃತ್ತಳಾದಳು. ಹಳೆಯ ಜೋಳಿಗೆ ಹರಿದಾಗ ಹೊಸ ಶಿಕ್ಷಕಿ ನಿಂಗಮ್ಮ ದಪ್ಪ ಕೌದಿಯಿಂದ ಇನ್ನೊಂದು ಹೊಲಿದಳು. ಪಾಪ, ಮಕ್ಕಳಿಗೆ ಮೆತ್ತಗಿರಲೆಂದು. ತಿರುಪಿನ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಕೌದಿಯ ಏಳುನೂರು ಗ್ರಾಂ ಎಲ್ಲ ಮಕ್ಕಳ ಲೆಕ್ಕಕ್ಕೂ ಸೇರಿತು. ಆ ತಿಂಗಳು ಕೆಂಪು ಚುಕ್ಕಿಗಳೇ ಮಾಯ!

ಮೇಲ್ವಿಚಾರಕಿ ಕಸ್ತೂರಿಬಾಯಿಗೆ ಮಾತ್ರ, ಜೋಳಿಗೆ ಖಾಲಿಯಿದ್ದರೂ ಸೊನ್ನೆಗೆ ಬಾರದ ನನ್ನ ಮುಳ್ಳು ನೋಡಿದ ಕೂಡಲೇ ಎಲ್ಲ ತಿಳಿಯಿತು. "ಹಂಗ ಇರ್ಲಿ ಬಿಡ ನಿಂಗಮ್ಮ, ಪಟ್ಟಿ ಎಷ್ಟ ಚಂದ ಕಾಣ್ತೈತಿ" ಎಂದಳು. ಅಂದಿನಿಂದ ತೂಗುವಾಗ ತಾಯಂದಿರು ಜಗಲಿಯಲ್ಲಿ ಕಾಯಬೇಕಾಯಿತು.

ಸಂತೆಯಲ್ಲಿ ಸೊಪ್ಪು ಮಾರುವ ಹುಲಿಗೆವ್ವನ ಎರಡು ವರ್ಷದ ಮಗಳು ಗಿರಿಜಿ. ಅವಳ ತೂಕ ಏಳು ಕೆಜಿ ಎಂಟುನೂರು ಗ್ರಾಂ. ಪಟ್ಟಿಯಲ್ಲಿ ಎಂಟೂವರೆ. ಕೆಂಪು ಹಳದಿಯಾಯಿತು, ಮೊಟ್ಟೆ ನಿಂತಿತು.

"ಬಾಯಾರ, ಕೂಸು ಸೊರಗಾಕತ್ತೈತ್ರಿ" ಎಂದು ಹುಲಿಗೆವ್ವ ಅತ್ತಳು.

"ಕೇಂದ್ರದ ಸರಾಸರಿ ಹನ್ನೊಂದು ಕೆಜಿ ಐತಿ. ನೀ ಯಾಕ ಅಳ್ತಿ?" ಎಂದಳು ಕಸ್ತೂರಿಬಾಯಿ.

ಸರಾಸರಿಯಂತೆ! ಪಾಟೀಲರ ಡುಮ್ಮ ಮಗ ಉಂಡದ್ದು ಗಿರಿಜಿಯ ಹೊಟ್ಟೆಗೆ ಹೋಗುತ್ತದೆಯೇ? ನನಗೆ ಮೈಯೆಲ್ಲ ಉರಿಯಿತು. ಇವಳಿಗೆ ಒಂದು ದಿನ ಬುದ್ಧಿ ಕಲಿಸದೆ ಬಿಡಬಾರದೆಂದು ಕಾದೆ.

ಏಳು ತಿಂಗಳ ಮೇಲೆ ಆ ದಿನ ಬಂತು. ಕೆಂಪಿಲ್ಲದ ಕೇಂದ್ರವೆಂದು ಕಸ್ತೂರಿಬಾಯಿಗೆ ಸನ್ಮಾನ. ತಾಲ್ಲೂಕಿನಿಂದ ಡಾಕ್ಟರು ಬಂದರು. ತಾಯಂದಿರನ್ನೂ ಒಳಗೆ ಕೂರಿಸಿದರು. ನನ್ನನ್ನು ಒರೆಸಿ, ಕೌದಿಯ ಜೋಳಿಗೆ ಸಿಕ್ಕಿಸಿ, ಎಲ್ಲರಿಗೂ ಕಾಣುವಂತೆ ನಡುವೆ ತೂಗುಹಾಕಿದ್ದು ಅವಳೇ. ಮುಳ್ಳನ್ನು ಏಳುನೂರರ ಮೇಲೆ ಅಲುಗದಂತೆ ಹಿಡಿದು ನಿಂತೆ. ಯಾರಾದರೂ ನೋಡಿ, ಒಬ್ಬರಾದರೂ ನೋಡಿ!

ಹುಲಿಗೆವ್ವ ನೋಡಿದಳು. ಖಾಲಿ ತಕ್ಕಡಿ ನೋಡದೆ ಒಂದು ಹಿಡಿ ಸೊಪ್ಪನ್ನೂ ತೂಗದವಳು ಅವಳು.

"ಡಾಕ್ಟರ್ ಸಾಹೇಬ್ರ, ಇದರಾಗ ಈಗ ಯಾರು ಕುಂತಾರ್ರಿ?"

"ಯಂತ್ರ ಕೆಟ್ಟೈತ್ರಿ" ಎಂದು ಕಸ್ತೂರಿಬಾಯಿ ತೊದಲಿದಳು. ಡಾಕ್ಟರು ಎದ್ದು ಬಂದು ತಾವೇ ತಿರುಪು ತಿರುಗಿಸಿ, ಮಕ್ಕಳನ್ನು ಒಬ್ಬೊಬ್ಬರಾಗಿ ತೂಗಿದರು. ಹನ್ನೊಂದು ಕೆಂಪು ಚುಕ್ಕಿ. ಹಾರ ತಟ್ಟೆಯಲ್ಲೇ ಉಳಿಯಿತು. ಆಹಾ, ಅವಳ ಮುಖ ನೋಡಬೇಕಿತ್ತು ನೀವು!

ಈಗ ಅವಳಿಗೆ ಆ ಕೆಲಸವಿಲ್ಲ. ನಾನು ಮೂಲೆಯ ಪೆಟ್ಟಿಗೆಯಲ್ಲಿದ್ದೇನೆ; ನನ್ನ ಜಾಗಕ್ಕೆ ಬ್ಯಾಟರಿಯ ಯಂತ್ರ ಬಂದಿದೆ. ಹುಲಿಗೆವ್ವ ಅದರಲ್ಲೂ ಸೊನ್ನೆ ಕಂಡ ಮೇಲೆಯೇ ಮಗಳನ್ನು ನಿಲ್ಲಿಸುತ್ತಾಳೆ. ಗಿರಿಜಿ ಹಳದಿಗೆ ಬಂದಿದ್ದಾಳೆ, ಈ ಸಲ ನಿಜವಾಗಿ. ಆದರೆ ಓರಗೆಯವರ ಹೆಗಲಿಗೂ ಬರುವುದಿಲ್ಲ.

ಸೇಡು ತೀರಿತಲ್ಲ, ಇನ್ನಾದರೂ ಕಸ್ತೂರಿಬಾಯಿಯನ್ನು ಕ್ಷಮಿಸು ಎನ್ನಬೇಡಿ. ಆ ಏಳು ತಿಂಗಳ ಮೊಟ್ಟೆಗಳನ್ನು ಗಿರಿಜಿಗೆ ಈಗ ಯಾರು ತಿನ್ನಿಸುತ್ತಾರೆ?