ಮುಟ್ಬೇಡಿ ಮಾವನ ಪಾರ್ಕು

ನಮ್ಮ ಬಡಾವಣೆಯಲ್ಲಿ ದಿನಕ್ಕೊಂದು ಮನೆ ಏಳುತ್ತಿದೆ. ಕಾಲಿಟ್ಟ ಕಡೆಯೆಲ್ಲ ಜಲ್ಲಿ, ಮರಳು. ರಸ್ತೆಗೆ ಫುಟ್‌ಪಾತ್ ಇಲ್ಲ, ಲಾರಿಗಳಿಗೆ ಪುರುಸೊತ್ತಿಲ್ಲ. ಹಾಗಂತ ಪಾರ್ಕ್ ಇಲ್ಲ ಅಂದುಕೊಳ್ಳಬೇಡಿ. ನಡೆಯಲು ದಾರಿ, ಕೂರಲು ಬೆಂಚು, ಮಕ್ಕಳಿಗೆ ಜೋಕಾಲಿ, ಜಾರುಬಂಡೆ, ಎಲ್ಲಾ ಇದೆ. ಗೇಟಿಗೆ ಅಂಗೈಯಗಲದ ಬೀಗವೂ ಇತ್ತು.

ಬೀಗದ ಕೈ ಇದ್ದದ್ದು ಮುಟ್ಬೇಡಿ ಮಾವನ ಹತ್ತಿರ. ಮಾವ ಮ್ಯೂಸಿಯಂನಲ್ಲಿ ಕಾವಲು ಕಾದು ನಿವೃತ್ತರಾದವರು. ಬಂದವರಿಗೆಲ್ಲ "ಮುಟ್ಬೇಡಿ" ಅಂದು ಅಂದು ನಾಲಿಗೆಗೆ ಅದೇ ರೂಢಿ. ಊಟದ ತಟ್ಟೆ ಮುಂದಿಟ್ಟರೂ ಮೊದಲು ಅದೇ ಮಾತು ಬರುತ್ತದೆ ಅಂತ ಅತ್ತೆ ನಗುತ್ತಾರೆ. ಇಂಥವರ ಕೈಗೆ ನಾವೇ ಪಾರ್ಕ್ ಒಪ್ಪಿಸಿದೆವು. ನಮ್ಮ ಬುದ್ಧಿ ಆವತ್ತು ಎಲ್ಲಿಗೆ ಹೋಗಿತ್ತೋ. ಜೋಕಾಲಿಗೆ ಸುತ್ತಿ ಬಂದ ಪ್ಲಾಸ್ಟಿಕ್ಕನ್ನೂ ಮಾವ ಬಿಚ್ಚಲು ಬಿಟ್ಟಿರಲಿಲ್ಲ. ಮಕ್ಕಳು ಬೇಲಿಯ ಸರಳು ಹಿಡಿದು ನೋಡಿ ವಾಪಸ್ ಬರುತ್ತಿದ್ದವು.

ಅಷ್ಟರಲ್ಲಿ ಅತ್ತೆಗೆ ಸಕ್ಕರೆ ಕಾಯಿಲೆ ಬಂತು. ದಿನಾ ನಡೆಯಲೇಬೇಕು ಅಂದರು ಡಾಕ್ಟರು. ಅತ್ತೆ ಊಟದ ಮೇಜನ್ನೇ ಸುತ್ತತೊಡಗಿದರು. ನೋಡಿ ನೋಡಿ ತಲೆ ತಿರುಗುತ್ತೆ, ಹೊರಗೆ ಹೋಗು ಅಂದರು ಮಾವ. ಅತ್ತೆ ರಸ್ತೆಗಿಳಿದರು.

ಪಕ್ಕದ ಮನೆಯ ನರ್ಸಕ್ಕನಿಗೆ ತಡೆಯಲಾಗಲಿಲ್ಲ. "ಮಾವ, ಅತ್ತೆ ಲಾರಿಗಳ ಮಧ್ಯೆ ನಡೀತಿದಾರೆ. ಪಾರ್ಕ್ ತೆಗೀರಿ."

"ತೆಗೆದ್ರೆ ಹಾಳಾಗುತ್ತಮ್ಮ. ಹುಲ್ಲು ನೋಡು, ಒಂದು ಹೆಜ್ಜೆ ಗುರುತಿಲ್ಲ."

"ಹುಲ್ಲಿನ ಆರೋಗ್ಯ ಚೆನ್ನಾಗಿದೆ ಮಾವ. ನಾನು ಅತ್ತೆದು ಕೇಳ್ತಿದೀನಿ."

ದಿನಾ ನಡೆದರೆ ಸಕ್ಕರೆ ಹತೋಟಿಗೆ ಬರುತ್ತೆ, ಮಕ್ಕಳು ಓಡಾಡಿದರೆ ಮೈ ಗಟ್ಟಿಯಾಗುತ್ತೆ, ನಾಲ್ಕು ಜನ ಓಡಾಡುವ ಕಡೆ ಕಸ ಸುರಿಯಲು ಯಾರಿಗೂ ಧೈರ್ಯ ಬರಲ್ಲ ಅಂತ ನರ್ಸಕ್ಕ ಬಿಡಿಸಿ ಹೇಳಿದಳು. ಮಾವ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು.

ಮಾವನದು ಇನ್ನೊಂದು ಪದ್ಧತಿ. ಸಂಜೆ ಒಳಗೆ ಹೋಗಿ ಬೆಂಚು, ಜಾರುಬಂಡೆ ಎಲ್ಲ ಒರೆಸಬೇಕು. ಮಕ್ಕಳು ಹಿಂದಿನಿಂದ ನುಗ್ಗದಂತೆ ಅತ್ತೆ ಹೊರಗಿನಿಂದ ಬೀಗ ಹಾಕಿಕೊಳ್ಳಬೇಕು. ಒರೆಸಿ ಮುಗಿದ ಮೇಲೆ ತೆಗೆಯಬೇಕು. ಆವತ್ತು ಅತ್ತೆ ಬೀಗ ಹಾಕಿದವರು, ಸುಮ್ಮನೆ ಯಾಕೆ ನಿಲ್ಲಲಿ ಅಂತ ಬೀಗದ ಕೈ ಹಿಡಿದುಕೊಂಡೇ ನಡೆಯಲು ಹೊರಟರು.

ತಿರುವಿನಲ್ಲಿ ಇಟ್ಟಿಗೆ ಲಾರಿ ನುಗ್ಗಿತು. ಅತ್ತೆ ಪಕ್ಕಕ್ಕೆ ಸರಿದರು. ಪಕ್ಕದಲ್ಲಿ ಪೈಪ್ ಹಾಕಲು ತೋಡಿದ ಗುಂಡಿ. ಅತ್ತೆ ಸೊಂಟದವರೆಗೆ ಕೆಸರಿನೊಳಗೆ.

ಮಾವ ಬೇಲಿಯೊಳಗಿಂದ ಎಲ್ಲಾ ನೋಡಿದರು. ಒರೆಸುವ ಬಟ್ಟೆ ಎಸೆದು ಓಡಿ ಬಂದರೆ ಗೇಟಿಗೆ ತಮ್ಮದೇ ಬೀಗ. ಹತ್ತೋಣವೆಂದರೆ ಬೇಲಿಯ ತುದಿಗೆ ಮೊಳೆ, ಅದನ್ನೂ ಹಟ ಹಿಡಿದು ಹಾಕಿಸಿದವರು ಅವರೇ. ಸರಳು ಅಲ್ಲಾಡಿಸುತ್ತಾ ಕೂಗಿಕೊಂಡರು, "ಹಿಡ್ಕೊಳ್ರಪ್ಪಾ, ಯಾರಾದ್ರೂ ಅವಳ ಕೈ ಹಿಡ್ಕೊಳ್ಳಿ!" ಆ ಬಾಯಿಂದ ಅಂಥ ಮಾತು ನಾವು ಕೇಳಿದ್ದು ಅದೇ ಮೊದಲು.

ನರ್ಸಕ್ಕ ಕೈ ಹಿಡಿದು ಮೇಲೆಳೆದಳು. ಮೊಣಕಾಲು ತರಚಿತ್ತು, ಮೂಳೆಗೇನೂ ಆಗಿರಲಿಲ್ಲ. ಬೀಗದ ಕೈ ಮಾತ್ರ ಕೆಸರಿನ ಪಾಲಾಯಿತು. ಬೆಸುಗೆ ಅಂಗಡಿಯವನು ಬಂದು ಬೀಗ ಕೊಯ್ಯಲು ಕೂತ. "ಒಳ್ಳೆ ಬೀಗ ಮಾವ, ಬೇಗ ಆಗಲ್ಲ" ಅಂತ ಹೊಗಳಿದ. ಅಲ್ಲಿಯವರೆಗೆ ಮಾವ ಸರಳಿನ ಆ ಕಡೆ, ಅತ್ತೆ ಈ ಕಡೆ. ಮಾವನ ಕಣ್ಣು ತುಂಬಿತ್ತು. ಅವರ ಹಿಂದೆ ನಡೆಯುವ ದಾರಿ ನೆಟ್ಟಗೆ, ಚೊಕ್ಕಟವಾಗಿ, ಖಾಲಿ ಬಿದ್ದಿತ್ತು.

ಗೇಟು ತೆರೆದಾಗ ಮಾವ ಹೊರಗೆ ಬರಲಿಲ್ಲ. ಅತ್ತೆಯ ಕೈ ಹಿಡಿದು ಒಳಗೆ ಕರೆದೊಯ್ದರು. ಜೋಕಾಲಿಯ ಪ್ಲಾಸ್ಟಿಕ್ಕನ್ನು ತಾವೇ ಹರಿದರು.

"ಕೂತ್ಕೋ."

"ಕೆಸರಾಗುತ್ತೆ ರೀ."

"ಆಗ್ಲಿ ಬಿಡೇ. ಒರೆಸೋಕೆ ನಾನಿಲ್ವಾ?"

ಗೇಟಿನಲ್ಲಿ ನಿಂತಿದ್ದ ಮಕ್ಕಳು ಅಪ್ಪಣೆಗೆ ಕಾಯಲಿಲ್ಲ.

ಈಗ ಅತ್ತೆ ದಿನಾ ಅಲ್ಲೇ ನಡೆಯುತ್ತಾರೆ, ಮಾವನೂ ಜೊತೆಗೆ. ಹುಲ್ಲು ಅಲ್ಲಲ್ಲಿ ಸವೆದಿದೆ. ಮಾವ ನೋಡಿ ನಿಟ್ಟುಸಿರು ಬಿಡುತ್ತಾರೆ, ಆಮೇಲೆ ನೀರು ಹಾಕುತ್ತಾರೆ.

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಪಾರ್ಕಿಗೂ ಬೀಗ ಬಿದ್ದಿದೆಯೇ? ಹೋಗಿ ಕೇಳಿ, ತೆಗೆಸಿ. ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ಜಲ್ಲಿ ರಾಶಿ ಬಿದ್ದಿದ್ದರೆ ವಾರ್ಡ್ ಸಭೆಯಲ್ಲಿ ಎದ್ದು ನಿಂತು ಮಾತಾಡಿ. ಇವತ್ತು ಸಂಜೆಯೇ ಮನೆಯವರನ್ನು ಕರೆದುಕೊಂಡು ಹೊರಡಿ. ಆ ಹುಲ್ಲಿನ ಮೇಲೆ ನಿಮ್ಮ ಹೆಜ್ಜೆ ಗುರುತೂ ಬೀಳಲಿ.