ಮುಚ್ಚದ ಫೈಲು

ಆ ಶೂ ಕಾರ್ಖಾನೆಯಲ್ಲಿ ಆಕೆಯ ಹುದ್ದೆಯ ಹೆಸರು ಬಲು ಉದ್ದ. ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗುತ್ತಿತ್ತು. ಹಾಗಾಗಿ ಎಲ್ಲರೂ ಆಕೆಯನ್ನು ಅತ್ತಿಗೆ ಎನ್ನುತ್ತಿದ್ದರು. ವಿನ್ಯಾಸ ವಿಭಾಗದಲ್ಲಿ ಕೆಲಸ ಮಾಡುವ ನಾದಿನಿ ಮೊದಲ ದಿನವೇ ಮೂರು ಕೋಣೆಗೆ ಕೇಳುವಂತೆ, "ಅತ್ತಿಗೇ, ಊಟದ ಡಬ್ಬಿ ಮನೇಲೇ ಬಿಟ್ಟು ಬಂದಿದೀಯಲ್ಲೇ!" ಎಂದು ಕೂಗಿದ್ದಳು. ಅಂದಿನಿಂದ ಹೊಲಿಗೆಯವರು, ಅಂಟು ಹಾಕುವವರು, ಕೊನೆಗೆ ತಲೆ ಪೂರ್ತಿ ನರೆತ ಯಜಮಾನರೂ ಅದೇ ಹೆಸರು ಹಿಡಿದರು. ಹೀಗೆ ಊರಿಗೆಲ್ಲ ಅತ್ತಿಗೆಯಾದರೂ ಆಕೆಗೆ ನಿಜವಾದ ನಾದಿನಿ ಒಬ್ಬಳೇ. ಆ ಒಬ್ಬಳೇ ಸಾಕುಬೇಕು ಮಾಡುತ್ತಿದ್ದಳು.

ಅತ್ತಿಗೆಯ ಕೆಲಸ ಹೇಳಿದರೆ ಸುಲಭ. ಕಾರ್ಖಾನೆಯವರು ಕಂಪ್ಯೂಟರಿನಲ್ಲಿ ಮಾಡಿದ್ದೆಲ್ಲ ಸರ್ವರ್ ಎಂಬ ಒಂದು ದೊಡ್ಡ ಯಂತ್ರದಲ್ಲಿ ಸೇರುತ್ತದೆ. ಎಲ್ಲರೂ ಮನೆಗೆ ಹೋದ ಮೇಲೆ ಬ್ಯಾಕಪ್ ತಂತ್ರಾಂಶ ಎದ್ದು, ಅದಕ್ಕೆಲ್ಲ ಇನ್ನೊಂದು ಪ್ರತಿ ತೆಗೆದು, ಬೇರೆ ಕಟ್ಟಡದಲ್ಲಿಡುತ್ತದೆ. ಬೆಳಿಗ್ಗೆ ಬಂದು ಆಕೆ ಅದರ ವರದಿ ನೋಡಬೇಕು. ಹಸಿರಿದ್ದರೆ ಎಲ್ಲ ಸರಿ, ಕೆಂಪಿದ್ದರೆ ಕೆಟ್ಟಿದೆ, ಹಳದಿಯಿದ್ದರೆ ಒಂದೆರಡು ಫೈಲು ಬಿಟ್ಟುಹೋಗಿವೆ ಎಂದರ್ಥ. ಈ ಕೆಲಸ ಚೆನ್ನಾಗಿ ನಡೆದಷ್ಟು ದಿನ ಮಾಡುವವಳು ಯಾರ ಕಣ್ಣಿಗೂ ಬೀಳುವುದಿಲ್ಲ. "ನಿಮ್ಮತ್ತಿಗೆ ದಿನವಿಡೀ ಏನ್ಮಾಡ್ತಾಳೆ?" ಎಂದು ಯಾರಾದರೂ ಕೇಳಿದರೆ ನಾದಿನಿ, "ನಾವು ಮಾಡಿದ್ದನ್ನೇ ಇನ್ನೊಂದ್ಸಲ ಮಾಡ್ತಾಳೆ" ಎಂದು ಹಲ್ಲು ಕಿರಿಯುತ್ತಿದ್ದಳು.

ನಾದಿನಿಯ ಕೆಲಸವೋ, ಕೈಗೆತ್ತಿಕೊಂಡು ನೋಡುವಂಥದ್ದು. ಒಂದು ವರ್ಷದಿಂದ ಆಕೆ ಒಂದೇ ಒಂದು ಶೂವಿನ ಬೆನ್ನು ಹತ್ತಿದ್ದಳು. ಅವಳಮ್ಮ, ಅಂದರೆ ಅತ್ತಿಗೆಯ ಅತ್ತೆ, ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ನಿಂತೂ ನಿಂತೂ ಪಾದಗಳನ್ನು ಹಾಳು ಮಾಡಿಕೊಂಡವರು. ಹಿಮ್ಮಡಿ ಊರಿದರೆ ಈಗಲೂ "ಅಯ್ಯಪ್ಪಾ" ಎನ್ನುತ್ತಾರೆ. ಅಂಥ ಪಾದಕ್ಕೆ, ದಿನವಿಡೀ ನಿಲ್ಲುವ ಹೆಂಗಸರ ಪಾದಕ್ಕೆಂದೇ ಈ ಶೂ. ಅದರ ಅಟ್ಟೆ, ಹಿಮ್ಮಡಿ, ಬೆರಳಿನ ಜಾಗ, ಹನ್ನೆರಡು ಅಳತೆಗಳ ಕತ್ತರಿಸುವ ಗೆರೆಗಳು, ಎಲ್ಲವೂ ಒಂದೇ ಫೈಲಿನಲ್ಲಿದ್ದವು. ಮುಂದಿನ ವಾರ ಆಸ್ಪತ್ರೆ ಸಮೂಹವೊಂದರ ಮೇಟ್ರನ್, ಅಂದರೆ ಅಲ್ಲಿನ ನರ್ಸುಗಳಿಗೆಲ್ಲ ಹಿರಿಯಾಕೆ, ಬಂದು ನೋಡುವವರಿದ್ದರು. ಒಪ್ಪಿದರೆ ನಾದಿನಿಯ ಶೂ ಸಾವಿರಾರು ಕಾಲುಗಳಿಗೆ ಹೋಗುತ್ತದೆ. ಇಲ್ಲದಿದ್ದರೆ ಮತ್ತೆ ಹಳೆಯ ಚಪ್ಪಲಿಗೆ ಹೊಸ ಬಕಲು ಬರೆಯುತ್ತ ಕೂರಬೇಕು. "ಅದಕ್ಕಿಂತ ಬಸ್ಸಿನ ಟಿಕೆಟ್ ಹರಿಯೋದು ವಾಸಿ" ಎನ್ನುತ್ತಿದ್ದಳು.

ಈಗ ಹಳದಿಯ ಕಥೆಗೆ ಬರೋಣ. ಬ್ಯಾಕಪ್ಪಿನ ವರದಿ ದಿನಾ ಬೆಳಿಗ್ಗೆ ಯಜಮಾನರಿಗೂ ಹೋಗುತ್ತಿತ್ತು. ಒಳಗೇನಿದೆ ಎಂದು ಅವರು ಓದುವವರಲ್ಲ, ಬಣ್ಣ ಮಾತ್ರ ನೋಡುವವರು. ಹಳದಿ ಕಂಡರೆ ಸಾಕು, ಫೋನು.

"ಏನತ್ತಿಗೆ, ಇವತ್ತೂ ಹಳದಿನಾ? ನಿನ್ನ ಯಂತ್ರಕ್ಕೇನು ಕಾಮಾಲೆ ಬಂದಿದ್ಯಾ?"

"ಸಾರ್, ಯಾರೋ ಫೈಲ್ ತೆರೆದಿಟ್ಟು ಹೋಗಿದಾರೆ. ತೆರೆದಿರೋದನ್ನ ಅದು ಮುಟ್ಟಲ್ಲ, ಬಿಟ್ಟು ಮುಂದೆ ಹೋಗತ್ತೆ."

"ನಂಗೆ ಅದೆಲ್ಲ ಬೇಡಮ್ಮ. ಬೆಳಿಗ್ಗೆದ್ದು ಹಸಿರು ನೋಡಿದ್ರೆ ಮನಸ್ಸಿಗೆ ಹಿತ."

ಒಂದು ದಿನ ಕೇಳಬಹುದು, ಎರಡು ದಿನ ಕೇಳಬಹುದು. ದಿನಾ ಕೇಳಿದರೆ ಯಾರಿಗೆ ತಲೆ ಕೆಡುವುದಿಲ್ಲ? ಬಿಟ್ಟುಹೋದದ್ದು ಪ್ರತಿ ಸಲವೂ ಲೆಕ್ಕದವನ ಯಾವುದೋ ಪುಡಿ ಹಾಳೆಯೇ ಆಗಿತ್ತು. ನಾದಿನಿ ಈ ಶೂ ಕೈಗೆತ್ತಿಕೊಳ್ಳುವ ಮೊದಲೇ ಅತ್ತಿಗೆ ಒಂದು ಬೆಳಿಗ್ಗೆ ಬೇಸತ್ತು, ನಾಲ್ಕೈದು ಫೈಲು ಬಿಟ್ಟುಹೋದರೂ ವರದಿ ಹಸಿರೇ ಇರಲಿ ಎಂದು ತಂತ್ರಾಂಶಕ್ಕೆ ಹೇಳಿಕೊಟ್ಟುಬಿಟ್ಟಳು. ಅಲ್ಲಿಗೆ ಯಜಮಾನರ ಫೋನು ನಿಂತಿತು. ಅತ್ತಿಗೆಯೂ ವರದಿಯ ಒಳಗೆ ಇಣುಕುವುದನ್ನು ಬಿಟ್ಟಳು. ಬಣ್ಣ ನೋಡುವುದು, ಕಾಫಿಗೆ ಹೋಗುವುದು.

ಸರ್ವರ್ ಕೋಣೆಯ ಎಸಿಗೆ ಬೇರೆ ವರ್ಷವಿಡೀ ನೆಗಡಿ. ಮೇಟ್ರನ್ ಬರಲು ಇನ್ನೊಂದು ವಾರವಿದ್ದಾಗ, ಒಂದು ಬೆಳಿಗ್ಗೆ ಅದರ ನೀರು ಗೋಡೆ ಬಿಟ್ಟು ನೇರ ಸರ್ವರಿನ ನೆತ್ತಿಯ ಮೇಲೆ ಇಳಿಯಿತು. ಒಂದು ಡಿಸ್ಕು ಕೆಟ್ಟರೆ ಇನ್ನೊಂದಿರಲಿ ಎಂದು ಜೋಡಿಸಿದ್ದ ಎರಡೂ ಡಿಸ್ಕುಗಳು ಜೋಡಿಯಾಗಿಯೇ ಪ್ರಾಣ ಬಿಟ್ಟವು. ವಿನ್ಯಾಸ ವಿಭಾಗದಲ್ಲಿ ಪರದೆಗಳು ಅಲುಗಾಡದೆ ನಿಂತುಬಿಟ್ಟವು. ಎಲ್ಲರೂ ಮಾಡುವಂತೆ ನಾದಿನಿಯೂ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದಳು. ರಿಪೇರಿಯವನು ಬಂದು ಡಿಸ್ಕುಗಳನ್ನು ಬಿಚ್ಚಿ ನೋಡಿ, ಡಾಕ್ಟರುಗಳು ತಲೆಯಾಡಿಸುವಂತೆ ತಲೆಯಾಡಿಸಿದ.

ಅತ್ತಿಗೆ ಹೆದರಲಿಲ್ಲ. ಹೆದರುವುದೇಕೆ, ಇದಕ್ಕೇ ಅಲ್ಲವೇ ತಾನಿರುವುದು? ಬಿಡಿ ಯಂತ್ರವೊಂದನ್ನು ಎಳೆದು ತಂದು, ಇನ್ನೊಂದು ಕಟ್ಟಡದಲ್ಲಿದ್ದ ಪ್ರತಿಯನ್ನು ಅದಕ್ಕೆ ಇಳಿಸತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಲೆಕ್ಕಪತ್ರ ಬಂತು, ಆರ್ಡರುಗಳು ಬಂದವು. ಹಾಜರಿಯೂ ಬಂತು ಎಂದಾಗ ಮಾತ್ರ ಹೊಲಿಗೆಯವರು ಮುಖ ಸಿಂಡರಿಸಿದರು. ಉಳಿದವರು ಚಪ್ಪಾಳೆ ತಟ್ಟಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅತ್ತಿಗೆಯ ಕೆಲಸ ಜನರ ಕಣ್ಣಿಗೆ ಬಿದ್ದಿತ್ತು. ಆಕೆಗೆ ನಿಜಕ್ಕೂ ಖುಷಿಯಾಯಿತು.

"ಅತ್ತಿಗೇ, ಇಲ್ಲಿ ಬಾ" ಎಂದಳು ನಾದಿನಿ. ಧ್ವನಿ ಚಿಕ್ಕದಾಗಿತ್ತು. ಅವಳ ಧ್ವನಿ ಚಿಕ್ಕದಾಗಿದ್ದನ್ನು ಮನೆಯವರು ಯಾರೂ ಕೇಳಿದವರಲ್ಲ.

ಪರದೆಯ ಮೇಲೆ ಬರಿಯ ಒಂದು ಅಟ್ಟೆಯಿತ್ತು. ಮೇಲ್ಭಾಗವಿಲ್ಲ, ಹನ್ನೆರಡು ಅಳತೆಗಳಲ್ಲಿ ಒಂದೂ ಇಲ್ಲ.

"ಇದು ಐದು ತಿಂಗಳ ಹಿಂದಿಂದು. ನಾನೂ ನೀನೂ ಜಗಳ ಆಡಿದ್ವಲ್ಲ, ಆವತ್ತಿಂದು. ನಿನ್ನೆಯದು ಎಲ್ಲಿ?"

ಜಗಳ ಅತ್ತಿಗೆಗೂ ನೆನಪಿತ್ತು. ಕೋಣೆ ಗುಡಿಸುವಾಗ ಮಂಚದಡಿಯ ರಟ್ಟಿನ ಚೂರುಗಳನ್ನು ಕಸವೆಂದು ಎಸೆದಿದ್ದಳು. ಅವು ನಾದಿನಿ ಕತ್ತರಿಸಿಟ್ಟ ಅಟ್ಟೆಯ ಮಾದರಿಗಳಂತೆ. ಮನೆಯಲ್ಲಿ ಹತ್ತಿದ ಜಗಳ ಬಸ್ಸು ಹತ್ತಿ ಕಾರ್ಖಾನೆಗೂ ಬಂದು, ನಾದಿನಿ ಕಂಪ್ಯೂಟರನ್ನು ಗುಂಡಿ ಒತ್ತಿ ಆರಿಸಿ, ಬಾಗಿಲು ಬಡಿದು ಹೊರಟುಹೋಗಿದ್ದಳು. ಅತ್ತಿಗೆ ಈಗ ವರದಿಗಳನ್ನು ತೆರೆದು ಹಿಂದೆ ಹಿಂದೆ ನೋಡುತ್ತ ಹೋದಳು. ಎಲ್ಲವೂ ಹಸಿರು. ಪ್ರತಿಯೊಂದು ಹಸಿರಿನ ಒಳಗೂ ಅದೇ ಒಂದು ಸಾಲು: ಬಳಕೆಯಲ್ಲಿದೆ, ಬಿಡಲಾಗಿದೆ.

"ನೀನು ಮನೆಗೆ ಹೋಗುವಾಗ ಫೈಲ್ ಮುಚ್ಚಲ್ವೇನೇ?"

"ಯಾವತ್ತೂ ಇಲ್ಲ. ಈ ಶೂ ಶುರು ಮಾಡಿದ ಹೊಸದರಲ್ಲಿ ಒಂದ್ಸಲ ಮುಚ್ಚೋವಾಗ ಅದು ಏನೋ ಕೇಳ್ತು, ನಾನು ಏನೋ ಒತ್ತಿದೆ, ಮಾಡಿದ್ದೆಲ್ಲ ಹೋಯ್ತು. ಅವತ್ತಿಂದ ಉಳಿಸ್ತೀನಿ, ಪರದೆಗೆ ಬೀಗ ಹಾಕ್ತೀನಿ, ಹೋಗ್ತೀನಿ. ಮುಚ್ಚೋದು ಮಾತ್ರ ಇಲ್ಲ. ಯಾಕೆ?"

ಜಗಳದ ದಿನ ಕಂಪ್ಯೂಟರನ್ನೇ ಆರಿಸಿ ಹೋಗಿದ್ದರಿಂದ ಆ ಒಂದು ರಾತ್ರಿ ಮಾತ್ರ ಫೈಲು ಮುಚ್ಚಿತ್ತು, ಪ್ರತಿಯೂ ಸಿಕ್ಕಿತ್ತು. ಇಡೀ ಕಾರ್ಖಾನೆಯಲ್ಲಿ ತನ್ನ ಕೆಲಸದ ಮೇಲೆ ಅಷ್ಟು ಜೀವ ಇಟ್ಟುಕೊಂಡವಳು ಇವಳೊಬ್ಬಳೇ. ಪ್ರತಿಯಿಲ್ಲದೆ ಉಳಿದದ್ದೂ ಇವಳದೊಂದೇ. ಸುತ್ತ ನಿಂತವರೆಲ್ಲ "ಹಾಳು ಎಸಿ, ಹಾಳು ಎಸಿ" ಎಂದು ಶಪಿಸುತ್ತಿದ್ದರು. ಅತ್ತಿಗೆ ಹೌದೆಂದು ತಲೆಯಾಡಿಸಿದ್ದರೆ ಮುಗಿದಿತ್ತು, ಎಸಿ ಎದುರಾಡುತ್ತಿರಲಿಲ್ಲ. ಆಕೆ ನಾದಿನಿಯ ಕೈ ಹಿಡಿದು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದಳು.

"ಎಸಿ ಅಲ್ಲ ಕಣೆ. ನಾನು. ನಿನ್ನ ಫೈಲ್ ಬಿಟ್ಟುಹೋಗ್ತಿದೆ ಅಂತ ತಂತ್ರಾಂಶ ವರದಿಯೊಳಗೆ ದಿನಾ ಹೇಳ್ತಿತ್ತು. ಯಜಮಾನ್ರ ಕಾಟ ತಪ್ಪಲಿ ಅಂತ ಹಳದಿಯ ಬಾಯಿ ಮೊದಲೇ ಮುಚ್ಚಿಸಿದ್ದೆ. ಆಮೇಲೆ ನಾನೂ ನೋಡ್ಲಿಲ್ಲ."

ನಾದಿನಿ ಕೈ ಬಿಡಿಸಿಕೊಂಡಳು.

"ಬೇಲಿನೇ ಎದ್ದು ಹೊಲ ಮೇಯ್ತು ಅಂತಾರಲ್ಲ" ಎಂದಳು, "ಅದನ್ನ ಕೇಳಿದ್ದೆ. ಇವತ್ತು ನೋಡ್ದೆ."

ಸಂಜೆ ಒಂದೇ ಬಸ್ಸಿನಲ್ಲಿ ಬಂದರು, ಬೇರೆ ಬೇರೆ ಸೀಟಿನಲ್ಲಿ ಕೂತು. ಅತ್ತಿಗೆಯ ಗಂಡ ಇವರಿಬ್ಬರ ಮಧ್ಯೆ ಬಾಯಿ ಹಾಕದಷ್ಟು ಬುದ್ಧಿವಂತ. ಇಬ್ಬರ ಮುಖ ನೋಡಿದವನೇ ತಟ್ಟೆ ಎತ್ತಿಕೊಂಡು ಒಳಕೋಣೆಗೆ ಹೋದ. ಅತ್ತೆ ಮಾತ್ರ ಬಿಡಲಿಲ್ಲ. ಒಬ್ಬಳಿಂದ ಅರ್ಧ, ಇನ್ನೊಬ್ಬಳಿಂದ ಅರ್ಧ ಕೇಳಿಸಿಕೊಂಡು, ಮೊದಲು ಸೊಸೆಯ ಕಡೆ ತಿರುಗಿದರು.

"ತಪ್ಪು ನಿಂದೇ. ವಾರ್ಡಲ್ಲಿ ಗಂಟೆ ಬಾರಿಸ್ತಿದ್ರೆ ತಲೆನೋವು ಅಂತ ಗಂಟೆ ತಂತಿ ಕಿತ್ತುಹಾಕಿದ ಹಾಗಾಯ್ತು."

"ಹೌದು ಅತ್ತೆ."

"ಹೌದು ಅಂದ್ಯಲ್ಲ, ಅಷ್ಟು ಸಾಕು." ಆಮೇಲೆ ಮಗಳ ಕಡೆ ತಿರುಗಿದರು. "ನೀನು ಎಷ್ಟು ದಿನ ಮುಖ ಊದಿಸ್ಕೊಂಡು ಕೂತಿರ್ತೀಯೇ? ಅತ್ರೆ ಶೂ ಆಗತ್ತಾ? ಐದು ತಿಂಗಳು ಹಿಡಿದಿದ್ದು ಕೈಗಲ್ಲ, ತಲೆಗೆ. ತಲೆ ಇನ್ನೂ ಕತ್ತಿನ ಮೇಲೇ ಇದೆಯಲ್ಲ? ತಗೋ, ಕಾಲು" ಎಂದು ಕುರ್ಚಿಯ ಮೇಲೆ ಕೂತು, ಊದಿದ ಎರಡೂ ಪಾದಗಳನ್ನು ಹಳೆಯ ದಿನಪತ್ರಿಕೆಯ ಮೇಲಿಟ್ಟರು.

ನಾದಿನಿ ಮೂಗು ಒರೆಸಿಕೊಂಡು ನೆಲದ ಮೇಲೆ ಕೂತಳು. ಅತ್ತಿಗೆ ಪೆನ್ಸಿಲು ಚಾಚಿದಳು. ನಾದಿನಿ ಮುಖ ನೋಡದೆ ತೆಗೆದುಕೊಂಡಳು.

ಮಾರನೆಯ ಬೆಳಿಗ್ಗೆಯಿಂದ ಇಬ್ಬರದೂ ಒಂದೇ ಧ್ಯಾನ. ನಾದಿನಿ ಆ ಹಳೆಯ ಅಟ್ಟೆಯಿಂದ ಮೇಲೆ ಶೂ ಕಟ್ಟತೊಡಗಿದಳು. ಅತ್ತಿಗೆ ಕಾರ್ಖಾನೆಯ ಮೂಲೆ ಮೂಲೆ ಜಾಲಾಡಿದಳು. ಚರ್ಮದವರಿಗೆ ನಾದಿನಿ ಮಿಂಚಂಚೆಯಲ್ಲಿ ಕಳಿಸಿದ್ದ ಚಿತ್ರಗಳು ಸಿಕ್ಕವು. ಹೊಲಿಗೆಯ ಮೇಜಿನ ಹಿಂದೆ ಬಿದ್ದಿದ್ದ ಮೇಲ್ಭಾಗದ ತುಂಡು ಸಿಕ್ಕಿತು, ಕತ್ತರಿಯವನ ಹತ್ತಿರ ಎಂಟನೆಯ ಅಳತೆಯ ಹಿಮ್ಮಡಿ ಸಿಕ್ಕಿತು. ಸಿಕ್ಕಿದ್ದನ್ನೆಲ್ಲ ತಂದು ನಾದಿನಿಯ ಮೇಜಿನ ಮೇಲಿಡುವಳು, ಮಾತಾಡದೆ ವಾಪಸು ಹೋಗುವಳು. ಒಂದು ಮಧ್ಯಾಹ್ನ ನಾದಿನಿ ತಲೆಯೆತ್ತಿ, "ಸ್ಕೇಲ್ ಕೊಡು" ಎಂದಳು. ಅತ್ತಿಗೆಗೆ ಆ ಎರಡು ಮಾತು ಕೇಳಿ ಕಣ್ಣಲ್ಲಿ ನೀರು ಬಂತು. "ಸ್ಕೇಲಿಗೆಲ್ಲ ಅಳ್ತಾರೇನೇ, ಹುಚ್ಚಿ" ಎಂದಳು ನಾದಿನಿ. ಅಲ್ಲಿಂದ ಮಾತು ಶುರುವಾಯಿತು. ಶುರುವಾದ ಮೇಲೆ ಕೇಳಬೇಕೇ, ನಿಲ್ಲಿಸುವುದೇ ಕಷ್ಟವಾಯಿತು.

ಅತ್ತಿಗೆ ತನ್ನ ಮನೆಯನ್ನೂ ಗುಡಿಸಿಕೊಂಡಳು. ತೆರೆದ ಫೈಲಿಗೂ ಪ್ರತಿ ತೆಗೆಯುವ ಸೌಲಭ್ಯ ಆ ತಂತ್ರಾಂಶದಲ್ಲೇ ಇತ್ತು. ಚಾಲೂ ಮಾಡುವುದೊಂದು ಬಾಕಿಯಿತ್ತು, ಮಾಡಿದಳು. ಹಳದಿಯನ್ನು ಮತ್ತೆ ಹಳದಿ ಮಾಡಿದಳು. ಯಜಮಾನರ ಫೋನು ಬಂದಾಗ, "ಕಾಮಾಲೆ ಇದ್ರೆ ಕಣ್ಣಲ್ಲಿ ಕಾಣ್ಬೇಕು ಸಾರ್, ಕಾಡಿಗೆ ಹಚ್ಚಿ ಮುಚ್ಚಿದ್ರೆ ಸಾಯ್ತೀವಿ" ಎಂದು ನೇರವಾಗಿ ಹೇಳಿದಳು. ಅಷ್ಟಕ್ಕೇ ನಿಲ್ಲಲಿಲ್ಲ. ದಿನಾ ಸಂಜೆ ಯಾರದಾದರೂ ಮೇಜಿಗೆ ಹೋಗಿ, ಅವರನ್ನು ಕೇಳಿ, ಅವರೆದುರಿಗೇ ಒಂದು ಫೈಲು ಅಳಿಸಿ, ಬ್ಯಾಕಪ್ಪಿನಿಂದ ವಾಪಸು ತಂದು ತೋರಿಸುವುದನ್ನು ರೂಢಿ ಮಾಡಿಕೊಂಡಳು. ನಾದಿನಿಯ ಮೇಜಿಗೆ ಮಾತ್ರ ಹೋಗಲಿಲ್ಲ. ಕೇಳುವ ಧೈರ್ಯವಾಗಲಿಲ್ಲ.

ಮೇಟ್ರನ್ ಬಂದ ದಿನ ಶೂ ಸಿದ್ಧವಾಗಿತ್ತು. ಆಕೆ ಗಟ್ಟಿಮುಟ್ಟಾದ ಹೆಂಗಸು. ಶೂ ಹಾಕಿಕೊಂಡು, ಕುರ್ಚಿ ಕೊಟ್ಟರೂ ಕೂರದೆ, ಇಡೀ ಮಾತುಕತೆಯನ್ನು ನಿಂತೇ ನಡೆಸಿದರು. ಕೊನೆಯಲ್ಲಿ ಕಾಲುಗಳತ್ತ ನೋಡಿ, "ಇಷ್ಟು ಹೊತ್ತು ನಿಂತಿದ್ದೆ ಅಂತಲೇ ಮರೆತಿದ್ದೆ" ಎಂದರು. ಯಜಮಾನರ ಮುಖ ಅರಳಿತು. ಅರಳಿ ಮುಗಿಯುವ ಮೊದಲೇ ಮೇಟ್ರನ್ ಕೇಳಿದರು:

"ನಿಮ್ಮ ಕಂಪ್ಯೂಟರೆಲ್ಲ ಹಾಳಾಗಿ ಇದರ ಮಾದರಿನೇ ಕಳೆದುಹೋಗಿತ್ತಂತೆ, ಹೌದಾ? ನನ್ನ ನರ್ಸುಗಳಿಗೆ ಒಂದ್ಸಲ ಅಭ್ಯಾಸ ಆದ್ಮೇಲೆ ನೀವು 'ಮಾದರಿ ಇಲ್ಲ' ಅಂದ್ರೆ ನಾನೇನ್ಮಾಡ್ಲಿ?"

"ಅಯ್ಯೋ, ಏನಿಲ್ಲ ಮೇಡಂ, ಸ್ವಲ್ಪ ನೀರು..." ಎಂದು ಯಜಮಾನರು ತೊದಲಿದರು.

"ಕಳೆದುಹೋಗಿತ್ತು ಮೇಡಂ" ಎಂದಳು ಅತ್ತಿಗೆ. "ತಪ್ಪು ನಂದು. ಇವಳು ಮತ್ತೆ ಮಾಡಿದ್ಳು."

"ಮತ್ತೆ ಹೋಗಲ್ಲ ಅಂತ ಹೇಗೆ ನಂಬೋದು?"

"ನಂಬಬೇಡಿ, ನೋಡಿ. ಈಗ ನಿಮ್ಮೆದುರಿಗೇ ಅಳಿಸಿ ವಾಪಸ್ ತರ್ತೀನಿ." ಯಜಮಾನರು ಕುರ್ಚಿಯಿಂದ ಅರ್ಧ ಎದ್ದರು. ಅತ್ತಿಗೆ ಅವರತ್ತ ನೋಡಲಿಲ್ಲ. "ಆದ್ರೆ ಫೈಲು ನಂದಲ್ಲ. ಇವಳು ಹೂಂ ಅಂದ್ರೆ ಮಾತ್ರ."

ಎಲ್ಲರೂ ನಾದಿನಿಯತ್ತ ತಿರುಗಿದರು. ಆಕೆಯ ಮುಖ ಬಿಳಿಚಿತ್ತು. ಬೇಡ ಎಂದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ಅತ್ತಿಗೆಯಂತೂ ಖಂಡಿತ ತಿಳಿಯುತ್ತಿರಲಿಲ್ಲ. ಬೇಡ ಎನ್ನಲಿ ಎಂದು ಅತ್ತಿಗೆಗೇ ಒಳಗೊಳಗೆ ಅನ್ನಿಸಿತ್ತು ಕೂಡ.

"ಅಳಿಸು ಅತ್ತಿಗೆ" ಎಂದಳು ನಾದಿನಿ.

ಅತ್ತಿಗೆ ಅಳಿಸಿದಳು. ಅಳಿಸಿದ್ದು ಹೋಗಿ ಬೀಳುವ ಕಂಪ್ಯೂಟರಿನ ಕಸದ ಬುಟ್ಟಿಯಿಂದಲೂ ತೆಗೆದಳು. ಗೋಡೆಯ ಮೇಲಿನ ದೊಡ್ಡ ಪರದೆ ಖಾಲಿಯಾಯಿತು. ಬ್ಯಾಕಪ್ ತೆರೆದು, ನಿನ್ನೆಯ ಪ್ರತಿ ಹುಡುಕಿ, ವಾಪಸು ತರುವ ಗುಂಡಿ ಒತ್ತಿದಳು. ನಾದಿನಿ ಹಿಂದೆ ಬಂದು ನಿಂತು ಆಕೆಯ ಭುಜ ಹಿಡಿದಳು, ನೋಯುವಷ್ಟು ಗಟ್ಟಿಯಾಗಿ. ಪರದೆಯ ಕೆಳಗಿನ ಗೆರೆ ಆಮೆಯ ಹಾಗೆ ಸಾಗಿತು.

ಮೊದಲು ಅಟ್ಟೆ ಬಂತು. ಆಮೇಲೆ ಹಿಮ್ಮಡಿ, ಬೆರಳಿನ ಜಾಗ, ಮೇಲ್ಭಾಗ. ನಾದಿನಿ ಮೌಸ್ ಕಿತ್ತುಕೊಂಡು ಹನ್ನೆರಡೂ ಅಳತೆಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಕಿರುಬೆರಳಿನ ಹತ್ತಿರ ನಿನ್ನೆ ಸಂಜೆ ತಿದ್ದಿದ ಸಣ್ಣ ತಿರುವನ್ನೂ ನೋಡಿದಳು. ಅದೂ ಇತ್ತು.

ಮೇಟ್ರನ್ ಶೂ ಬಿಚ್ಚದೆ ಹಾಗೇ ನಿಂತು, "ಮೊದಲ ಸಲಕ್ಕೆ ಯಾವ್ಯಾವ ಅಳತೆ ಕೊಡ್ತೀರಿ?" ಎಂದು ಯಜಮಾನರನ್ನು ಕೇಳಿದರು. ಯಜಮಾನರು ಹಣೆಯ ಬೆವರು ಒರೆಸಿಕೊಳ್ಳುತ್ತ ಉತ್ತರ ಹುಡುಕುತ್ತಿದ್ದರು. ನಾದಿನಿಗೆ ಅದೊಂದೂ ಕೇಳಿಸಲಿಲ್ಲ. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗದ ಮುಖದಲ್ಲಿ ಅತ್ತಿಗೆಯ ಕಡೆ ತಿರುಗಿದಳು.

"ಇನ್ನೊಂದ್ಸಲ ಅಳಿಸೇ, ನೋಡೋಣ" ಎಂದಳು.